ನಾಟಕಕ್ಕೆ ಸಂಗೀತ ಮಾಡುವವರು ಸಿನಿಮಾಕ್ಕೆ ಹೋದರೆ ಹೊಸದಾಗಿ ಕಲಿಯಬೇಕಾದ್ದೇನು?

ಪ್ರಶ್ನೆ: ಹವ್ಯಾಸಿ ತಂಡಗಳ ನಾಟಕಗಳಿಗೆ ಕೆಲವು ವರ್ಷಗಳಿಂದ ಸಂಗೀತ ಮಾಡುತ್ತಿದ್ದೇನೆ. ಹಾರ್ಮೋನಿಯಂ ನುಡಿಸುತ್ತೇನೆ, ಮೇಳಕ್ಕೆ ಹಾಡು ಕಲಿಸುತ್ತೇನೆ. ಈಗ ಒಂದು ಚಿಕ್ಕ ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಮಾಡಿಕೊಡಿ ಎಂದು ಕೇಳಿದ್ದಾರೆ. ಒಪ್ಪಿಕೊಳ್ಳಲೇ? ಇದು ಪೂರ್ತಿ ಬೇರೆ ವಿದ್ಯೆಯೇ?

ಉತ್ತರ: ಒಪ್ಪಿಕೊಳ್ಳಿ. ನಿಮ್ಮ ಸ್ವರಜ್ಞಾನ, ಸಂದರ್ಭ ನೋಡಿ ಮಟ್ಟು ಹುಡುಕುವ ಅಭ್ಯಾಸ, ಮಾತಿಗೆ ದಾರಿ ಬಿಡುವ ಸಂಯಮ ಎಲ್ಲವೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಹೊಸದಾಗಿ ಕಲಿಯಬೇಕಾದ್ದು ಮುಖ್ಯವಾಗಿ ಕಾಲದ ಲೆಕ್ಕ.

ನಾಟಕದಲ್ಲಿ ಕಾಲ ನಟರ ಕೈಯಲ್ಲಿರುತ್ತದೆ. ಇವತ್ತು ಇಪ್ಪತ್ತು ಸೆಕೆಂಡಿಗೆ ಮಾತು ಮುಗಿಸಿದವರು ನಾಳಿನ ಪ್ರದರ್ಶನದಲ್ಲಿ ಇಪ್ಪತ್ತಾರು ತೆಗೆದುಕೊಂಡಾರು. ಹಾರ್ಮೋನಿಯಂನವರು ಅವರ ಉಸಿರು ನೋಡಿಕೊಂಡು ಅದೇ ಸಾಲನ್ನು ಇನ್ನೊಂದು ಆವರ್ತನ (ತಾಳದ ಒಂದು ಪೂರ್ತಿ ಸುತ್ತು) ಸುತ್ತಿಸಿ, ಸರಿಯಾದ ಜಾಗದಲ್ಲಿ ಮುಕ್ತಾಯ ಹಿಡಿಯುತ್ತಾರೆ. ಸಿನಿಮಾದಲ್ಲಿ ಸಂಗೀತ ಬರುವ ಹೊತ್ತಿಗೆ ಸಂಕಲನ ಮುಗಿದಿರುತ್ತದೆ. ಬಾಗಿಲು ಯಾವ ಫ್ರೇಮಿನಲ್ಲಿ ತೆರೆಯಬೇಕೆಂಬುದು ಆಗಲೇ ತೀರ್ಮಾನವಾಗಿರುತ್ತದೆ. ಅಲ್ಲಿ ಯಾರೂ ನಿಮಗಾಗಿ ಕಾಯುವುದಿಲ್ಲ.

ಒಂದು ಉದಾಹರಣೆ ನೋಡಿ. ದೃಶ್ಯ ಶುರುವಾಗಿ 31.5 ಸೆಕೆಂಡಿಗೆ ಬಾಗಿಲು ತೆರೆಯುತ್ತದೆ. ನೀವು ಆದಿತಾಳದಲ್ಲಿ, ನಿಮಿಷಕ್ಕೆ 80 ಎಣಿಕೆಯ ಲಯದಲ್ಲಿ ಕಟ್ಟಿದ್ದೀರಿ. 60ನ್ನು 80ರಿಂದ ಭಾಗಿಸಿದರೆ ಒಂದು ಎಣಿಕೆಗೆ 0.75 ಸೆಕೆಂಡು, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 18 ಫ್ರೇಮು. ಎಂಟು ಎಣಿಕೆಯ ಒಂದು ಆವರ್ತನಕ್ಕೆ 6 ಸೆಕೆಂಡು. ಐದು ಆವರ್ತನ 30 ಸೆಕೆಂಡಿಗೆ ಮುಗಿಯುತ್ತದೆ, ಬಾಗಿಲು ತೆರೆಯುವುದು ಆರನೆಯ ಆವರ್ತನದ ಮೂರನೆಯ ಎಣಿಕೆಯಲ್ಲಿ. ಅದು ಸಮಕ್ಕೇ, ಅಂದರೆ ಆವರ್ತನದ ಮೊದಲ ಎಣಿಕೆಗೇ, ಬೀಳಬೇಕೆಂದರೆ ಲಯವನ್ನು 76ಕ್ಕೆ ಇಳಿಸಬಹುದು. ಆಗ ನಲವತ್ತು ಎಣಿಕೆಗೆ 31.58 ಸೆಕೆಂಡು, ಅಂದರೆ ಸಮ ಸುಮಾರು ಎರಡು ಫ್ರೇಮು ತಡವಾಗಿ ಬೀಳುತ್ತದೆ. ಅಷ್ಟು ತಡ ಕಣ್ಣಿಗೆ ಗೊತ್ತಾಗುವುದಿಲ್ಲ. ನಾದ ಚಿತ್ರಕ್ಕಿಂತ ಮುಂಚೆ ಬಂದಾಗ ಆಗುವಷ್ಟು ಕಸಿವಿಸಿ ತುಸು ಹಿಂದೆ ಬಂದಾಗ ಆಗುವುದಿಲ್ಲ.

ಆದರೆ ಇದಕ್ಕಿಂತ ಒಳ್ಳೆಯ ದಾರಿ ನಾಟಕದವರಿಗೆ ಗೊತ್ತೇ ಇರುತ್ತದೆ: ಲಯ ಮುಟ್ಟಬೇಡಿ, ಎತ್ತುಗಡೆ (ಶುರುಮಾಡುವ ಜಾಗ) ಬದಲಿಸಿ. ಮೊದಲ ಒಂದೂವರೆ ಸೆಕೆಂಡು, ಅಂದರೆ 36 ಫ್ರೇಮು, ಮೌನ ಬಿಟ್ಟು ಆಮೇಲೆ ಶುರುಮಾಡಿದರೆ 80ರ ಲಯದಲ್ಲೇ ಸಮ ಬಾಗಿಲಿಗೆ ಸರಿಯಾಗಿ ಬೀಳುತ್ತದೆ. ದೃಶ್ಯ ಬದಲಾದೊಡನೆ ಸಂಗೀತ ಶುರುವಾಗಲೇಬೇಕು ಎಂಬುದು ಹೊಸಬರು ಬಹಳ ಸಲ ಮಾಡುವ ತಪ್ಪು. ನೋಡುವವರು ಜಾಗ ಯಾವುದು, ಯಾರಿದ್ದಾರೆ ಎಂದು ಗುರುತಿಸಿಕೊಳ್ಳಲಿ, ಆಮೇಲೆ ನಾದ ಬರಲಿ.

ಇಷ್ಟೆಲ್ಲ ಲೆಕ್ಕ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ನಿಮಗೆ ಕೊಟ್ಟ ವಿಡಿಯೋ ಸೆಕೆಂಡಿಗೆ 24 ಫ್ರೇಮಿನದೋ 25ರದೋ ಎಂದು ಸಂಕಲನಕಾರರನ್ನು ಕೇಳಿ ಬರೆದಿಟ್ಟುಕೊಳ್ಳಿ. 24ಕ್ಕೆ ಕಟ್ಟಿದ ಒಂದು ನಿಮಿಷದ ದೃಶ್ಯ 25ರಲ್ಲಿ ಓಡಿದರೆ 57.6 ಸೆಕೆಂಡಿಗೇ ಮುಗಿದುಹೋಗುತ್ತದೆ, ನಿಮ್ಮ ಸಂಗೀತ ಇನ್ನೂ ಸುಮಾರು ಎರಡೂವರೆ ಸೆಕೆಂಡು ಬಾಕಿ ಇರುತ್ತದೆ. ಇನ್ನೊಂದು ಸ್ಯಾಂಪಲ್ ರೇಟ್, ಅಂದರೆ ಕಂಪ್ಯೂಟರು ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸುತ್ತದೆ ಎಂಬ ಲೆಕ್ಕ. ಹಾಡಿನ ಸಿಡಿಗೆ 44.1 ಕಿಲೋಹರ್ಟ್ಸ್, ಸಿನಿಮಾಕ್ಕೆ 48. ಮೊದಲ ದಿನವೇ 48 ಕಿಲೋಹರ್ಟ್ಸ್, 24 ಬಿಟ್ ಎಂದು ಹೊಂದಿಸಿಕೊಂಡು ಕೂರಿ. 44.1ರ ಕಡತವನ್ನು ಪರಿವರ್ತಿಸದೆ 48 ಎಂದು ಓಡಿಸಿದರೆ ವೇಗ ಶೇಕಡಾ 9ರಷ್ಟು ಏರುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ (ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರ ಒಂದು ಸ್ವರಸ್ಥಾನ) ಮೇಲೆ ಹೋಗುತ್ತದೆ. ಕರಿ ಒಂದರಲ್ಲಿ (ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡಿದ್ದು ಕರಿ ಎರಡನ್ನೂ ಮುಟ್ಟದೆ, ಬಿಳಿ ಎರಡರಲ್ಲೂ ನಿಲ್ಲದೆ ನಡುವೆ ಅಲೆದಾಡುತ್ತದೆ.

ಶ್ರುತಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ರಂಗದಲ್ಲಿ ವರ್ಷಗಟ್ಟಲೆ ಓಡಾಡಿದ ಹಾರ್ಮೋನಿಯಂ, ಸ್ಟುಡಿಯೋದ ಎಲೆಕ್ಟ್ರಾನಿಕ್ ಕೀಬೋರ್ಡಿನ ಶ್ರುತಿಗೆ ನಿಖರವಾಗಿ ಕೂರುವುದು ಅಪರೂಪ. ಮೇಳದಲ್ಲಿ ಅದು ತಿಳಿಯುವುದಿಲ್ಲ, ಏಕೆಂದರೆ ಎಲ್ಲರೂ ಅದಕ್ಕೇ ಕೂಡಿಸಿಕೊಂಡಿರುತ್ತಾರೆ. ಸ್ಟುಡಿಯೋದಲ್ಲಿ ಮಾತ್ರ ಎರಡೂ ಸೇರಿದಾಗ ನಾದ ಅಲುಗುತ್ತದೆ. ಧ್ವನಿಮುದ್ರಣಕ್ಕೆ ಮುಂಚೆ ಟ್ಯೂನರ್ ಇಟ್ಟು ಎಷ್ಟು ಸೆಂಟ್ (ಒಂದು ಸ್ವರಸ್ಥಾನದ ನೂರನೆಯ ಒಂದು ಪಾಲು) ವ್ಯತ್ಯಾಸವಿದೆ ನೋಡಿ, ಕೀಬೋರ್ಡನ್ನೇ ಹಾರ್ಮೋನಿಯಂಗೆ ಹೊಂದಿಸಿ. ಹಾರ್ಮೋನಿಯಂನೊಳಗೆ ನಾದ ಹುಟ್ಟಿಸುವ ಲೋಹದ ಪಟ್ಟಿಯನ್ನು, ಅಂದರೆ ರೀಡನ್ನು, ಕೆರೆಯಲು ಹೋಗಬೇಡಿ.

ಹಾರ್ಮೋನಿಯಂನದೇ ಇನ್ನೊಂದು ತೊಂದರೆ ಮಾತಿನ ಜೊತೆಗಿನದು. ಮಾತು ಸ್ಪಷ್ಟವಾಗಿ ಕೇಳಿಸಲು ಬೇಕಾದ ವ್ಯಂಜನಗಳ ಸದ್ದು ಹೆಚ್ಚಾಗಿ 1ರಿಂದ 4 ಕಿಲೋಹರ್ಟ್ಸ್ ನಡುವೆ ಇರುತ್ತದೆ. ರೀಡಿನ ನಾದವೂ ಅಲ್ಲೇ ದಟ್ಟ. ರಂಗದ ಮೇಲೆ ಮಾತು ಒಂದು ಕಡೆಯಿಂದ, ಹಿಮ್ಮೇಳ ಇನ್ನೊಂದು ಕಡೆಯಿಂದ ಬರುವುದರಿಂದ ಕಿವಿ ಬೇರ್ಪಡಿಸಿಕೊಳ್ಳುತ್ತದೆ. ಚಿತ್ರಮಂದಿರದಲ್ಲಿ ಎರಡೂ ಒಂದೇ ಪರದೆಯ ಕಡೆಯಿಂದ ಬಂದು ಮಾತು ಮುಳುಗುತ್ತದೆ. ಮಾತಿನ ಕೆಳಗೆ ಮಂದ್ರದ ತಂತಿ, ತಂಬೂರಿ ಇಡಿ. ಹಾರ್ಮೋನಿಯಂ, ಕೊಳಲುಗಳನ್ನು ಮಾತಿನ ಎಡೆಗಳಿಗೆ ಉಳಿಸಿ.

ಈ ಎರಡು ಲೋಕಗಳ ನಡುವಿನ ದಾರಿಯನ್ನು ಅರಿಯಲು ಕನ್ನಡದಲ್ಲಿ ರಂಗ ನಿರ್ದೇಶಕ ಬಿ.ವಿ. ಕಾರಂತರಿಗಿಂತ ದೊಡ್ಡ ಉದಾಹರಣೆ ಇಲ್ಲ. ಹುಡುಗನಾಗಿದ್ದಾಗ ಗುಬ್ಬಿ ನಾಟಕ ಕಂಪನಿ, ಬನಾರಸಿನಲ್ಲಿ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ, ಆಮೇಲೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ. ಈ ಹಿನ್ನೆಲೆ ಹೊತ್ತು ಸಿನಿಮಾಕ್ಕೆ ಬಂದ ಅವರಿಗೆ 1976ರ 'ಋಷ್ಯಶೃಂಗ', 1977ರ 'ಘಟಶ್ರಾದ್ಧ' ಚಿತ್ರಗಳಿಗೆ, ಸತತ ಎರಡು ವರ್ಷ, ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. 'ಋಷ್ಯಶೃಂಗ' ಚಂದ್ರಶೇಖರ ಕಂಬಾರರ ನಾಟಕದಿಂದ ಬಂದ ಚಿತ್ರ. ಮೃಣಾಲ್ ಸೇನರ ಬಂಗಾಳಿ ಚಿತ್ರ 'ಖಾರಿಜ್'ಗೂ ಕಾರಂತರೇ ಸಂಗೀತ ಕೊಟ್ಟರು. ಹಾಡು ಗೆಲ್ಲಿಸುವುದನ್ನಷ್ಟೇ ಬಲ್ಲವರಿಗೆ ಇಂಥ ಚಿತ್ರಗಳ ಕರೆ ಬರುವುದಿಲ್ಲ. ನಾಟಕದಲ್ಲಿ ಅವರು ದಿನಬಳಕೆಯ ವಸ್ತುಗಳ ಸದ್ದು, ಮೇಳದ ಬರಿಯ ದನಿ, ಮೌನ ಇವನ್ನೆಲ್ಲ ಸಂಗೀತವೆಂದೇ ಬಳಸುತ್ತಿದ್ದರು. ಅವರೇ ನಿರ್ದೇಶಿಸಿ ಸಂಗೀತ ಕೊಟ್ಟ 'ಚೋಮನ ದುಡಿ'ಯನ್ನು ಈ ಕಿವಿ ಇಟ್ಟುಕೊಂಡು ಮತ್ತೊಮ್ಮೆ ನೋಡಿ. ಅಲ್ಲಿ ದುಡಿ ಕಥೆಯೊಳಗಿನ ವಸ್ತು, ಚೋಮ ಬಡಿಯುವ ವಾದ್ಯ. ಹೊರಗಿನಿಂದ ತಂದು ಹಚ್ಚಿದ ಹಿನ್ನೆಲೆಯಲ್ಲ. ನಿಮ್ಮ ಚಿತ್ರದಲ್ಲೂ ಪಾತ್ರಗಳ ಸುತ್ತ ಯಾವ ಸದ್ದು ಇದೆ ಎಂದು ಮೊದಲು ಪಟ್ಟಿ ಮಾಡಿ. ಒರಳು, ರಾಟೆ, ಬಸ್ಸಿನ ಎಂಜಿನ್, ಮಗ್ಗ ಯಾವುದಾದರೂ ಸರಿ. ಲಯ ಅಲ್ಲಿಂದಲೇ ಸಿಗಬಹುದು.

ಕೆಲಸ ಒಪ್ಪಿಸುವಾಗ ಒಂದೇ ಕಡತ ಕೊಡಬೇಡಿ. ತಾಳವಾದ್ಯ, ಸ್ವರವಾದ್ಯ, ಮಾತಿಲ್ಲದ ದನಿ, ಸಾಹಿತ್ಯವಿರುವ ದನಿ ಹೀಗೆ ಬೇರೆ ಬೇರೆ ಸ್ಟೆಮ್ (ಒಂದೊಂದು ಗುಂಪಿಗೂ ಒಂದು ಕಡತ) ಮಾಡಿ, ಎಲ್ಲವೂ ಒಂದೇ ಬಿಂದುವಿನಿಂದ ಶುರುವಾಗುವಂತೆ ಕೊಡಿ. ಮಿಕ್ಸಿಂಗ್‌ನಲ್ಲಿ ಮದ್ದಳೆ ಮಾತ್ರ ಜೋರಾಯಿತು ಎನ್ನಿಸಿದರೆ ಅದೊಂದನ್ನೇ ತಗ್ಗಿಸಬಹುದು. ಒಂದೇ ಕಡತವಾದರೆ ಇಡೀ ಸಂಗೀತ ತಗ್ಗುತ್ತದೆ. ಸಾಹಿತ್ಯದ ದನಿ ಬೇರೆ ಇದ್ದರೆ ಚಿತ್ರ ಇನ್ನೊಂದು ಭಾಷೆಗೆ ಡಬ್ ಆಗುವಾಗಲೂ ಉಪಯೋಗ.

ಇನ್ನು ಹಣ. ನಾಟಕದಲ್ಲಿ ಬಾಯಿಮಾತಿನಲ್ಲೇ ನಡೆದುಹೋಗುತ್ತದೆ, ಸಿನಿಮಾದಲ್ಲಿ ಹಾಗೆ ಮಾಡಬೇಡಿ. ಕೃತಿಸ್ವಾಮ್ಯ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನಿನ ಪ್ರಕಾರ ಅದು 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. 2012ರ ತಿದ್ದುಪಡಿಯಾದ ಮೇಲೆ, ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವುದನ್ನು ಬಿಟ್ಟು ಬೇರೆ ಬಳಕೆಗಳಿಂದ ಬರುವ ರಾಯಧನದಲ್ಲಿ ಸಂಗೀತ ಸಂಯೋಜಕರಿಗೆ ಸಮಪಾಲು ಇದೆ. ಅದನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿಕೊಂಡರೂ ನಿಲ್ಲುವುದಿಲ್ಲ. ಆ ಪಾಲು ಕೈಸೇರಬೇಕಾದರೆ ಐಪಿಆರ್‌ಎಸ್ (ಸಂಯೋಜಕರ, ಸಾಹಿತ್ಯ ಬರೆದವರ ರಾಯಧನ ವಸೂಲಿ ಮಾಡಿ ಹಂಚುವ ಸಂಸ್ಥೆ) ಸದಸ್ಯರಾಗಿ, ಪ್ರತಿ ಕೃತಿಯನ್ನೂ ಅಲ್ಲಿ ನಮೂದಿಸಿ. ನಾಟಕಕ್ಕೆ ಕಟ್ಟಿದ ಮಟ್ಟನ್ನೇ ಚಿತ್ರಕ್ಕೂ ಬಳಸುವುದಾದರೆ, ಅದನ್ನು ತಂಡಕ್ಕೆ ಮೊದಲೇ ಬರೆದುಕೊಟ್ಟಿಲ್ಲವೆಂದು ಖಚಿತಪಡಿಸಿಕೊಂಡು, ಆ ವಿಷಯವನ್ನು ನಿರ್ಮಾಪಕರಿಗೆ ಸಹಿಗೆ ಮುಂಚೆಯೇ ತಿಳಿಸಿ.