ಸ್ಕೂಟರ್ ನಡುಗುತ್ತಿದೆ: ಕೆಟ್ಟಿದ್ದು ಮೋಟಾರೋ, ಕಂಟ್ರೋಲರೋ?

ಪ್ರಶ್ನೆ: ನಾವು ಪುಣೆಯ ಭೋಸರಿಯಲ್ಲಿದ್ದೇವೆ. ಜೋರು ಮಳೆಯಲ್ಲಿ ಓಡಿಸಿದ ಮಾರನೇ ದಿನದಿಂದ ಎಲೆಕ್ಟ್ರಿಕ್ ಸ್ಕೂಟರ್ ಥ್ರಾಟಲ್ ಕೊಟ್ಟರೆ ಗಡಗಡ ನಡುಗುತ್ತದೆ, ಮುಂದೆ ಹೋಗುವುದಿಲ್ಲ. ಮೋಟಾರ್ ಹಿಂದಿನ ಚಕ್ರದೊಳಗೇ ಇದೆ. ಗ್ಯಾರೇಜಿನವರು ಮೋಟಾರ್ ಬದಲಿಸಿ ಅನ್ನುತ್ತಾರೆ. ನಿಜವಾಗಿ ಕೆಟ್ಟಿರುವುದು ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ: ಸದ್ಯಕ್ಕೆ ದುಡ್ಡು ಕೊಡಬೇಡಿ. ಮಳೆಯ ನಂತರ ಹೀಗೆ ನಡುಗಿದರೆ ನಾನು ಮೊದಲು ಅನುಮಾನಿಸುವುದು ಕನೆಕ್ಟರನ್ನು, ಆಮೇಲೆ ಹಾಲ್ ಸೆನ್ಸರನ್ನು, ಅಂದರೆ ಚಕ್ರ ಎಲ್ಲಿ ತಿರುಗಿದೆ ಎಂದು ಕಂಟ್ರೋಲರಿಗೆ ತಿಳಿಸುವ, ಮೋಟಾರಿನೊಳಗಿನ ಪುಟ್ಟ ಭಾಗವನ್ನು. ಹಾಲ್ ಸೆನ್ಸರಿಗೆ ಹತ್ತಾರು ರೂಪಾಯಿ, ಮೋಟಾರಿಗೆ ಸಾವಿರಾರು. ವಾರಂಟಿ ಇದ್ದರೆ ಮಾತ್ರ ನೀವೇನೂ ಬಿಚ್ಚಬೇಡಿ.

ಮೊದಲ ಪರೀಕ್ಷೆಗೆ ಮೀಟರ್ ಕೂಡ ಬೇಡ. ಸೆಂಟರ್ ಸ್ಟ್ಯಾಂಡ್ ಹಾಕಿ, ಬ್ಯಾಟರಿ ಕಳಚಿ. ಮೋಟಾರಿನಿಂದ ಬರುವ ಮೂರು ದಪ್ಪ ವೈರುಗಳನ್ನು ಕಂಟ್ರೋಲರಿನಿಂದ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹಂಚುವ ಪೆಟ್ಟಿಗೆ) ಬಿಡಿಸಿ, ತುದಿಗಳು ಒಂದಕ್ಕೊಂದು ತಾಗದಂತೆ ಇಡಿ. ಈಗ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಆಗಲೂ ತಡೆತಡೆದು ತಿರುಗಿದರೆ ಮೋಟಾರಿನೊಳಗೇ, ವೈಂಡಿಂಗಿನಲ್ಲೋ (ತಾಮ್ರದ ತಂತಿಯ ಸುರುಳಿ) ಕೇಬಲ್ಲಿನಲ್ಲೋ, ಶಾರ್ಟ್ ಆಗಿರಬಹುದು. ವೈರ್ ಬಿಡಿಸಿದಾಗ ಸಲೀಸು, ಮತ್ತೆ ಜೋಡಿಸಿದಾಗ ಬಿಗಿ ಅಂದರೆ ಕಂಟ್ರೋಲರಿನ ಮಾಸ್‌ಫೆಟ್ (ಕರೆಂಟನ್ನು ಬಿಟ್ಟು ನಿಲ್ಲಿಸುವ ಸ್ವಿಚ್ಚಿನಂಥ ಭಾಗ) ಹೋಗಿದೆ.

ಇನ್ನು ಆ ದಪ್ಪ ವೈರುಗಳನ್ನು ಮತ್ತೆ ಬಿಡಿಸಿ, ಎರಡೆರಡನ್ನೇ ಒಂದಕ್ಕೊಂದು ತಾಗಿಸಿ ಚಕ್ರವನ್ನು ನಿಧಾನಕ್ಕೆ ತಿರುಗಿಸಿ. ಈಗ ಚಕ್ರ ಬಿಗಿಯಾಗಬೇಕು. ಮೂರು ಜೋಡಿಯಲ್ಲೂ ಬಿಗಿ ಒಂದೇ ಸಮ ಇರಬೇಕು. ಯಾವುದೋ ಜೋಡಿಯಲ್ಲಿ ಬಿಗಿ ಬರಲಿಲ್ಲವಾದರೆ ಅಲ್ಲೊಂದು ವೈರ್ ತುಂಡಾಗಿದೆ.

"ಮಲ್ಟಿಮೀಟರಿನಲ್ಲಿ ಓಮ್ ನೋಡಿದೆ, ಮೋಟಾರ್ ಸರಿಯಾಗಿದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ವೈಂಡಿಂಗಿನ ರೆಸಿಸ್ಟೆನ್ಸ್ 1 ಓಮ್‌ಗಿಂತ ಎಷ್ಟೋ ಕಡಿಮೆ. ಮೀಟರಿನ ಪ್ರೋಬ್‌ಗಳಿಗೇ ಅಷ್ಟಿರುತ್ತದೆ, ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಲ್ ಸೆನ್ಸರ್ ನೋಡಲು ಮಾತ್ರ ಮೀಟರ್ ಬೇಕು. ಸೆನ್ಸರಿನಿಂದ ಬರುವ ಐದು ಸಣ್ಣ ವೈರುಗಳ ಪ್ಲಗ್ಗನ್ನು (ನಾನು ಮೊದಲು ಹೇಳಿದ ಕನೆಕ್ಟರ್) ಮೊದಲು ಕಳಚಿ ನೋಡಿ. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಅರ್ಧ ಉತ್ತರ ಸಿಕ್ಕಿತು ಅನ್ನಿ. ಸ್ವಚ್ಛ ಮಾಡಿ, ಒಣಗಿಸಿ, ಮತ್ತೆ ಹಾಕಿ. ದಪ್ಪ ವೈರುಗಳು ಬಿಡಿಸಿದಂತೆಯೇ ಇರಲಿ. ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿ, ಥ್ರಾಟಲ್ ಮುಟ್ಟಬೇಡಿ. ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು ವೈರಿನ ನಡುವೆ ಸುಮಾರು 5 ವೋಲ್ಟ್ ಬರುತ್ತದೆ. ಉಳಿದ ಮೂರನ್ನು ಒಂದೊಂದಾಗಿ ಕಪ್ಪಿನ ಜೊತೆ ಅಳೆಯುತ್ತಾ ಚಕ್ರ ನಿಧಾನಕ್ಕೆ ತಿರುಗಿಸಿ. ವೋಲ್ಟೇಜ್ ಸೊನ್ನೆಯ ಹತ್ತಿರಕ್ಕೆ ಇಳಿದು, ಮತ್ತೆ 5ರ ಹತ್ತಿರಕ್ಕೆ ಏರುತ್ತಿರಬೇಕು. ಅಲ್ಲಾಡದೆ ಒಂದೇ ಕಡೆ ನಿಂತರೆ ಆ ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿದೆ.

ಪರೀಕ್ಷೆ ಮಾಡದೆ ಸುಮ್ನೆ ಹೊಸ ಕಂಟ್ರೋಲರ್ ಜೋಡಿಸಲು ಒಪ್ಪಲೇಬೇಡಿ. ಮೋಟಾರಿನಲ್ಲಿ ಶಾರ್ಟ್ ಇದ್ದರೆ ಹೊಸದೂ ಸುಡುತ್ತದೆ, ದುಡ್ಡು ಎರಡು ಸಲ ಹೋಗುತ್ತದೆ.

ಮಳೆಗಾಲಕ್ಕೆ ಇನ್ನೊಂದು ಮಾತು. ಘಾಟಿ ಹತ್ತಿ ಬಿಸಿಯಾದ ಮೋಟಾರನ್ನು ನಿಂತ ನೀರಿಗೆ ಇಳಿಸಬೇಡಿ. ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತದೆ, ವೈರ್ ಹೊರಬರುವ ಜಾಗದಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ತೊಳೆಸುವಾಗಲೂ ಅದೇ ಜಾಗಕ್ಕೆ ಪ್ರೆಶರ್ ನೀರು ಬಿಡಿಸಬೇಡಿ. ಮೋಟಾರಿನ ಮೇಲೆ ಐಪಿ67 (ನೀರು, ಧೂಳು ತಡೆಯುವ ಮಟ್ಟದ ಗುರುತು) ಎಂದು ಬರೆದಿದ್ದರೂ ಆ ಗುರುತು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸುವ ಪರೀಕ್ಷೆಯದು, ಪ್ರೆಶರ್ ಪಂಪಿನದಲ್ಲ.