ಹಾಲ್ಡನ್ ಬೆಲ್ವಡೀರ್: ಡೆವನ್ ಗುಡ್ಡದ ಮೇಲೆ ಮದ್ರಾಸಿನ ದುಡ್ಡು

ಕಟ್ಟಡಗಳ ಚರಿತ್ರೆ ಓದುವಾಗ ‘ಫಾಲಿ’ ಎಂಬ ಪದ ಸಿಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ತಿಳಿಗೇಡಿತನ ಎಂದರ್ಥ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಮೀನ್ದಾರರು ಗುಡ್ಡದ ನೆತ್ತಿಯಲ್ಲಿ, ತೋಟದ ಮೂಲೆಯಲ್ಲಿ ಬರೀ ನೋಟಕ್ಕೆ ಕಟ್ಟಿಸುತ್ತಿದ್ದ ಕಟ್ಟಡಗಳಿಗೆ ಈ ಹೆಸರು. ನೋಡಿದರೆ ಕೋಟೆ, ಒಳಗೆ ಒಬ್ಬ ಸೈನಿಕನೂ ಇಲ್ಲ. ಪರೀಕ್ಷೆಯಲ್ಲಿ ‘ಫಾಲಿ ಎಂದರೇನು?’ ಎಂಬ ಪ್ರಶ್ನೆಗೆ ‘ಉಪಯೋಗವಿಲ್ಲದ ಕಟ್ಟಡ’ ಅಂತ ಬರೆದರೆ ಅಂಕ ಸಿಗಬಹುದು. ನನಗೆ ಮಾತ್ರ ಅದು ಅರ್ಧ ಉತ್ತರ ಅನ್ನಿಸುತ್ತದೆ. ದುಡ್ಡು ಯಾರದು, ಎಲ್ಲಿಂದ ಬಂತು ಅಂತಲೂ ಕೇಳಬೇಕು.

ಡೆವನ್ ಪ್ರಾಂತ್ಯದ ಎಕ್ಸೆಟರ್ ಹತ್ತಿರ ಹಾಲ್ಡನ್ ಗುಡ್ಡಗಳಿವೆ. ಅಲ್ಲಿನ ಬಿಳಿ ಗೋಪುರ ಹಾಲ್ಡನ್ ಬೆಲ್ವಡೀರ್ ಅಂಥದೊಂದು ಫಾಲಿ. ಲಾರೆನ್ಸ್ ಕ್ಯಾಸಲ್ ಅಂತಲೂ ಕರೆಯುತ್ತಾರೆ. 1788ರಲ್ಲಿ ಕಟ್ಟಿಸಿದವನು ಸರ್ ರಾಬರ್ಟ್ ಪಾಕ್. ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ತಮಿಳುನಾಡು ಮತ್ತು ಶ್ರೀಲಂಕಾ ನಡುವಿನ ಪಾಕ್ ಜಲಸಂಧಿಗೆ ಇವನದೇ ಹೆಸರು. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿ ಬಂದವನು, 1763ರಿಂದ 1767ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. ನಮ್ಮ ಕಡೆಗೂ ಒಂದು ಎಳೆ ಬರುತ್ತದೆ: 1766ರಲ್ಲಿ ಇವನ ಕಾಲದಲ್ಲೇ ಕಂಪನಿ ನಿಜಾಮನ ಜೊತೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಹೈದರಾಲಿಯ ಮೇಲೆ ಮೊದಲನೇ ಮೈಸೂರು ಯುದ್ಧ ಶುರುವಾಗಲು ಅದೂ ಒಂದು ಕಾರಣ.

ಪಾಕ್ ಇಲ್ಲಿ ಗಳಿಸಿ, ಊರಿಗೆ ಮರಳಿ ಹಾಲ್ಡನ್ ಎಸ್ಟೇಟ್ ಕೊಂಡ. ಗೋಪುರ ತನ್ನ ಗೆಳೆಯ ಮೇಜರ್ ಜನರಲ್ ಸ್ಟ್ರಿಂಜರ್ ಲಾರೆನ್ಸ್ ನೆನಪಿಗೆ. 1758-59ರಲ್ಲಿ ಫ್ರೆಂಚರು ಮುತ್ತಿಗೆ ಹಾಕಿದಾಗ ಮದ್ರಾಸಿನ ಕೋಟೆ ಕಾಯ್ದವನು ಈ ಲಾರೆನ್ಸ್. 1775ರಲ್ಲಿ ಸಾಯುವಾಗ ತನ್ನ ಆಸ್ತಿಯನ್ನು ಪಾಕ್ ಕುಟುಂಬಕ್ಕೇ ಬಿಟ್ಟುಹೋದ. ಅಂದರೆ ಸುಮ್ನೆ ಶೋಕಿಗೆ ಎದ್ದ ಗೋಪುರ ಅಲ್ಲ ಇದು. ಋಣದ ಲೆಕ್ಕವೂ ಇದೆ.

ಆಕಾರ ನೆನಪಿಡುವುದು ಸುಲಭ: ತ್ರಿಕೋನದ ಕಟ್ಟಡ, ಮೂರು ಮೂಲೆಗೂ ಒಂದೊಂದು ದುಂಡು ಬುರುಜು, ಚೂಪು ಕಮಾನಿನ ಗಾಥಿಕ್ ಕಿಟಕಿಗಳು. ಎತ್ತರ ಸುಮಾರು 26 ಮೀಟರ್. ಒಳಗೆ ಲಾರೆನ್ಸನ ಆಳೆತ್ತರ ಮೀರಿದ ಪ್ರತಿಮೆ, ಅದೂ ರೋಮನ್ ಉಡುಪಿನಲ್ಲಿ! ತಿರುಚಿನಾಪಳ್ಳಿಯ ಬಿಸಿಲಲ್ಲಿ ಕಾದಾಡಿದವನಿಗೆ ಈ ವೇಷ ಯಾಕೋ. ಆಗ ವೀರರನ್ನು ಹಾಗೆ ತೋರಿಸುವುದೇ ರೂಢಿ. ಪ್ರತಿಮೆ ಕೆತ್ತಿದ ಕಲ್ಲಲ್ಲ, ಕೋಡ್ ಸ್ಟೋನ್: ಅಚ್ಚಿನಲ್ಲಿ ಒತ್ತಿ ಗೂಡಿನಲ್ಲಿ ಸುಟ್ಟ ಮಣ್ಣು. ನೆಲದ ಅಮೃತಶಿಲೆ ನಿಜಾಮನ ಉಡುಗೊರೆ ಎಂಬ ಮಾತೂ ಇದೆ.

ಪಾಕ್ ವಾಸವಿದ್ದ ದೊಡ್ಡ ಬಂಗಲೆಯ ಬಹುಪಾಲನ್ನು 1920ರ ದಶಕದಲ್ಲಿ ಕೆಡವಿದರು. ಗೋಪುರವನ್ನು 1990ರ ದಶಕದಲ್ಲಿ ದುರಸ್ತಿ ಮಾಡಿದರು. ಈಗ ಅಲ್ಲಿ ಮದುವೆಗಳು ನಡೆಯುತ್ತವೆ.