ಎಡ ಚಪ್ಪಲಿ, ಬಲ ಚಪ್ಪಲಿ ಮತ್ತು ಅಮೈನೋ ಆಮ್ಲ: ಎಚ್‌ಪಿಎಲ್‌ಸಿ ಟಿಪ್ಪಣಿ

ಬೆಳಗಾವಿಯಲ್ಲಿ ಎಂ.ಎಸ್ಸಿ. ಓದುವಾಗ ಡಿಎಲ್-ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದ ದ್ರಾವಣವನ್ನು ಮೊದಲ ಸಲ ಎಚ್‌ಪಿಎಲ್‌ಸಿ (ದ್ರಾವಣವನ್ನು ಒತ್ತಡದಲ್ಲಿ ಹಾಯಿಸಿ ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸುವ ಯಂತ್ರ)ಯ ಸಿ-18 ಕಾಲಂಗೆ, ಅಂದರೆ ಮಾಮೂಲಿ ಬೇರ್ಪಡಿಕೆ ಕೊಳವೆಗೆ, ಬಿಟ್ಟೆ. ಗ್ರಾಫಿನಲ್ಲಿ ಸೂಜಿಯಂತಹ ಒಂದೇ ಪೀಕ್ ಬಂತು. ‘ಶುದ್ಧ’ ಎಂದು ರೆಕಾರ್ಡಿನಲ್ಲಿ ಬರೆದೂಬಿಟ್ಟೆ. ಸೀಸೆಯ ಮೇಲೆ ‘ಡಿಎಲ್’ ಎಂದು ದಪ್ಪಕ್ಷರದಲ್ಲೇ ಇತ್ತು: ಅರ್ಧ ಎಡಗೈ ರೂಪ (ಎಲ್), ಅರ್ಧ ಅದರ ಕನ್ನಡಿ ಪ್ರತಿಬಿಂಬವಾದ ಬಲಗೈ ರೂಪ (ಡಿ).

ಅಥಣಿಯ ಚಪ್ಪಲಿ ಅಂಗಡಿಯನ್ನು ನೆನೆಸಿಕೊಳ್ಳಿ. ಕರೆಂಟ್ ಹೋಗಿದೆ, ಜೋಡಿಗಳು ಕಲೆತು ರಾಶಿಯಾಗಿವೆ. ತಕ್ಕಡಿಗೆ ಹಾಕಿದರೆ ಎಡ ಬಲ ಎರಡೂ ಒಂದೇ ತೂಕ. ಗೇಣು ಹಾಕಿದರೂ ಒಂದೇ ಅಳತೆ. ಬಲಗಾಲು ತೂರಿಸಿದರೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತದೆ. ಸಿ-18 ಎಂಬುದು ಆ ತಕ್ಕಡಿ. ನಮಗೆ ಬೇಕಾದದ್ದು ಕಾಲು.

ಕಾಲನ್ನು ಕಾಲಂನೊಳಗೇ ಕೂರಿಸುವುದು ಒಂದು ದಾರಿ. ಸಿಲಿಕಾಕ್ಕೆ ಟೀಕೋಪ್ಲಾನಿನ್ ಅಂಟಿಸಿದ ಕಾಲಂ ಇದಕ್ಕೆ ಒಳ್ಳೆಯ ಉದಾಹರಣೆ. ಟೀಕೋಪ್ಲಾನಿನ್ ಒಂದು ಪ್ರತಿಜೀವಕ. ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಸರಪಳಿಯ ತುದಿಯಲ್ಲಿರುವ ಡಿ-ಅಲನಿನ್ ಜೋಡಿಯನ್ನು ಹಿಡಿದುಕೊಳ್ಳುವುದೇ ಅದರ ಕಸುಬು. ಕಾಲಂನಲ್ಲೂ ಹಳೆಯ ಚಾಳಿ ಬಿಡುವುದಿಲ್ಲ: ಸಾಮಾನ್ಯವಾಗಿ ಎಲ್ ರೂಪ ಮೊದಲು ಹೊರಬರುತ್ತದೆ, ಡಿ ರೂಪ ತಡವಾಗುತ್ತದೆ. ಈ ನಂಟು ಗೊತ್ತಿದ್ದರೆ ಕ್ರಮವನ್ನು ಉರು ಹೊಡೆಯಬೇಕಿಲ್ಲ. ತಾಮ್ರದ ಅಯಾನಿನ ಸುತ್ತ ಎಲ್-ಪ್ರೋಲಿನ್ ಜೊತೆ ಮಾದರಿಯ ಅಮೈನೋ ಆಮ್ಲವೂ ಬಂದು ಕೂರುವ ಲಿಗ್ಯಾಂಡ್ ವಿನಿಮಯ ಎಂಬ ವಿಧಾನ ಇದಕ್ಕಿಂತ ಹಳೆಯದು.

ಇನ್ನೊಂದು ದಾರಿ, 1984ರಲ್ಲಿ ಬಂದ ಮಾರ್ಫಿ ಕಾರಕದ್ದು: ಅಮೈನೋ ಆಮ್ಲಕ್ಕೆ ಅಂಟಿಕೊಳ್ಳುವ, ತಾನೂ ಎಡಗೈ (ಎಲ್) ರೂಪದ್ದೇ ಆದ ರಾಸಾಯನಿಕ. ರಾಶಿಯ ಪ್ರತಿಯೊಂದು ಚಪ್ಪಲಿಗೂ ಒಂದೊಂದು ಎಡ ಚಪ್ಪಲಿಯನ್ನು ಕಟ್ಟಿಬಿಡಿ. ಎಡ-ಎಡ ಗಂಟು ಬೇರೆ, ಬಲ-ಎಡ ಗಂಟು ಬೇರೆ; ಅವು ಈಗ ಪರಸ್ಪರ ಪ್ರತಿಬಿಂಬಗಳಲ್ಲ, ಡಯಾಸ್ಟೀರಿಯೋಮರ್‌ಗಳು. ಹಾಗಾಗಿ ಸಾದಾ ಸಿ-18 ಸಾಕು. 340 ನ್ಯಾನೋಮೀಟರ್‌ನಲ್ಲಿ ಪೀಕ್ ಚೆನ್ನಾಗಿ ಕಾಣುತ್ತದೆ. ಇಲ್ಲೂ ಬಹುತೇಕ ಎಲ್ ಮುಂದೆ, ಡಿ ಹಿಂದೆ.

ಪೀಕ್‌ಗಳು ಎಷ್ಟು ದೂರವಾದರೆ ಸಾಕು? 6.0 ಮತ್ತು 7.2 ನಿಮಿಷಕ್ಕೆ ಬಂದು, ಬುಡದ ಅಗಲ ತಲಾ 0.7 ನಿಮಿಷವಿದ್ದರೆ, ಅಂತರದ ಎರಡರಷ್ಟನ್ನು ಅಗಲಗಳ ಮೊತ್ತದಿಂದ ಭಾಗಿಸಿ: 2.4/1.4, ಅಂದರೆ 1.7. ಇದೇ ರೆಸಲ್ಯೂಷನ್; ಅದು 1.5 ದಾಟಿದರೆ ಬುಡ ಬಿಟ್ಟುಕೊಂಡಿತೆಂದು ಲೆಕ್ಕ. ಗ್ಲೈಸಿನ್‌ಗೆ ಎಡ-ಬಲವೇ ಇಲ್ಲ, ಅದಕ್ಕೆ ಎರಡನೆಯ ಪೀಕ್ ಹುಡುಕುತ್ತಾ ಕೂರಬೇಡಿ.

ಮಾರ್ಫಿಯಲ್ಲಿ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಕಾರಕ ಎಲ್ ರೂಪದ್ದು, ಅದರಲ್ಲೇ 0.5 ಶೇಕಡಾ ಡಿ ಬೆರೆತಿದೆ ಎಂದುಕೊಳ್ಳಿ. ಆ ಡಿ-ಕಾರಕ ಎಲ್-ಅಮೈನೋ ಆಮ್ಲವನ್ನು ಕಟ್ಟಿಕೊಂಡರೆ ಹುಟ್ಟುವ ಗಂಟು, ಎಲ್-ಕಾರಕ ಮತ್ತು ಡಿ-ಅಮೈನೋ ಆಮ್ಲದ ಗಂಟಿನ ನಿಖರ ಪ್ರತಿಬಿಂಬ. ಸಿ-18 ಎರಡನ್ನೂ ಒಂದೇ ಪೀಕ್‌ನಲ್ಲಿ ತೋರಿಸುತ್ತದೆ. ಮತ್ತೆ ಅದೇ ತಕ್ಕಡಿ! ಆದ್ದರಿಂದ ಚಿಕ್ಕ ಪೀಕ್ 0.8 ಶೇಕಡಾ ಬಂದರೆ ಮಾದರಿಯಲ್ಲಿರುವ ಡಿ ಸರಿಸುಮಾರು 0.3 ಮಾತ್ರ, ಉಳಿದದ್ದು ಕಾರಕದ ಸೀಸೆಯಿಂದಲೇ ಬಂದದ್ದು.